ಕವಿತೆಯ ‘ನಾನು’ ಯಾರು, ಮೈಕಿನ ಮುಂದಿನ ನಾನು ಯಾರು?

ಅಪ್ಪನ ಚಪ್ಪಲಿ ಬಗ್ಗೆ ನಾನೊಂದು ಕವಿತೆ ಬರೆದಿದ್ದೆ. ಹೊಸ್ತಿಲ ಪಕ್ಕ ಒಂದು ಜೊತೆ ಚಪ್ಪಲಿ. ಅದನ್ನು ಹಾಕಿಕೊಳ್ಳುತ್ತಿದ್ದವರು ಈಗಿಲ್ಲ. ಮಗ ಯಾರೂ ಇಲ್ಲದಾಗ ಕಾಲು ತೂರಿಸಿ ನೋಡುತ್ತಾನೆ, ಸೈಜ್ ಸರಿಯಾಗುತ್ತದೆ. ಇಷ್ಟೇ. ಮುಂಬಯಿ ಉಪನಗರದ ಒಂದು ಹಾಲ್‌ನಲ್ಲಿ ಭಾನುವಾರ ಸಂಜೆ ಕವಿಗೋಷ್ಠಿ ಇತ್ತು. ಮೈಕ್ ಮುಂದೆ ನಿಂತು, "ಇದು ನನ್ನ ಅಪ್ಪನ ಬಗ್ಗೆ ಬರೆದದ್ದು" ಅಂದೆ. ಓದಿದೆ. ಕೊನೆಯ ಸಾಲಿಗೆ ಗಂಟಲು ಕಟ್ಟಿದ ಹಾಗೆ ಸ್ವಲ್ಪ ಮಾಡಿದೆ. ಒಳ್ಳೆ ಚಪ್ಪಾಳೆ ಬಂತು.

ನಾಲ್ಕನೇ ಸಾಲಿನಲ್ಲಿ ಕೂತಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಆ ರಾತ್ರಿಯೇ ಊರಿಗೆ ಫೋನ್ ಮಾಡಿದರು. ಅಮ್ಮನಿಗೆ ಎರಡು ಸಮಾಧಾನದ ಮಾತು ಹೇಳೋಣ ಅಂತ. ಫೋನ್ ಎತ್ತಿದ್ದು ಅಪ್ಪ.

ಮರುದಿನ ಬೆಳಿಗ್ಗೆ ನನಗೆ ಕರೆ ಬಂತು. "ಎಂತದು ಮಾರಾಯ, ಬೊಂಬಾಯಲ್ಲಿ ನನ್ನ ಬೊಜ್ಜ ಮುಗಿಸಿದ್ಯಂತೆ? ಪಾಯಸ ಎಂತ ಮಾಡಿಸಿದ್ದೆ?" ಬೊಜ್ಜ ಅಂದರೆ ನಮ್ಮ ಕಡೆ ಸತ್ತವರ ಉತ್ತರಕ್ರಿಯೆ.

ಆಮೇಲೆ ನಕ್ಕೆವು, ಸರಿ. ಆದರೆ ತಪ್ಪು ಎಲ್ಲಿತ್ತು ಅಂತ ಯೋಚಿಸಲು ನನಗೆ ತುಂಬಾ ದಿನ ಬೇಕಾಯಿತು. ಕವಿತೆಯಲ್ಲಿ ಅಪ್ಪ ಸತ್ತದ್ದು ತಪ್ಪಲ್ಲ. ಕವಿತೆಯಲ್ಲಿ ಯಾರು ಬೇಕಾದರೂ ಸಾಯಬಹುದು, ಯಾರು ಬೇಕಾದರೂ ‘ನಾನು’ ಆಗಬಹುದು. ತಪ್ಪಿದ್ದದ್ದು ಓದುವ ಮೊದಲು ಆಡಿದ ಆ ಒಂದು ವಾಕ್ಯದಲ್ಲಿ. ಅದು ಕವಿತೆ ಅಲ್ಲ, ಭಾಷಣ. ಅಲ್ಲಿ ‘ನನ್ನ’ ಅಂದರೆ ನನ್ನದೇ. ಕವಿತೆಯ ಮಗ ಮತ್ತು ನಾನು ಬೇರೆ ಬೇರೆ ಜನ ಎಂಬುದನ್ನು ನಾನೇ ಮರೆತಿದ್ದೆ. ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ಮುಂಬಯಿಯಲ್ಲಿ ಕನ್ನಡ ಕಾರ್ಯಕ್ರಮಗಳಿಗೆ ಬರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನ, ಕಲೀನಾ ಕ್ಯಾಂಪಸ್ಸಿನ ಕನ್ನಡ ವಿಭಾಗ ಹೀಗೆ ಎಲ್ಲಾದರೂ ಒಂದು ಕಡೆ ನಿಮ್ಮನ್ನೂ ಒಂದು ದಿನ ಮೈಕ್ ಮುಂದೆ ನಿಲ್ಲಿಸುತ್ತಾರೆ. ಕವಿತೆ ಓದಲಿಕ್ಕೋ, ನಾಲ್ಕು ಮಾತಾಡಲಿಕ್ಕೋ. ಆಗ ಏನೇನು ಮಾಡಬೇಕು ಅಂತ ನಾನು ಎಡವಿ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಮಾತಾಡುತ್ತಿರುವವರು ಯಾರು, ಪೆನ್ಸಿಲ್ ಹಿಡಿದು ಹುಡುಕಿ

ಓದಬೇಕಾದ ಕವಿತೆಯ ಒಂದು ಪ್ರಿಂಟ್‌ಔಟ್ ತೆಗೆದುಕೊಳ್ಳಿ. ಫೋನ್‌ನಲ್ಲಿ ಈ ಕೆಲಸ ಆಗುವುದಿಲ್ಲ. ಮೊದಲು ಕ್ರಿಯಾಪದಗಳ ಕೊನೆಗೆಲ್ಲ ಗೆರೆ ಎಳೆಯಿರಿ. ಕನ್ನಡದಲ್ಲಿ ‘ನಾನು’ ಅಂತ ಬರೆಯಲೇಬೇಕು ಅಂತಿಲ್ಲ ನೋಡಿ, ‘ಬಂದೆ’ ಅಂದರೆ ಸಾಕು, ಬಂದವರು ಹೆಚ್ಚಾಗಿ ನಾನೇ (‘ನೀನು ಬಂದೆ’ ಅಂತಲೂ ಇದೆ, ಯಾವುದು ಅಂತ ಸುತ್ತಲಿನ ಸಾಲು ಹೇಳುತ್ತದೆ). ‘ಬಂದೆವು’, ‘ಬಂದಳು’, ‘ಬಂದೀಯಾ’ ಎಲ್ಲದರಲ್ಲೂ ಬಾಲದಲ್ಲೇ ಆಳು ಕೂತಿರುತ್ತದೆ. ಹಾಗಾಗಿ ಹುಡುಕಾಟ ಶುರುವಾಗುವುದು ಬಾಲದಿಂದ.

ಇಲ್ಲೊಂದು ತಮಾಷೆ ಇದೆ. ಮರಾಠಿಯಲ್ಲಿ ಗಂಡಸು ‘ಮೀ ಆಲೋ’ ಅನ್ನುತ್ತಾನೆ, ಹೆಂಗಸು ‘ಮೀ ಆಲೆ’ ಅನ್ನುತ್ತಾಳೆ. ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ. ಕನ್ನಡದ ‘ಬಂದೆ’ಯಲ್ಲಿ ಆ ಸುಳಿವಿಲ್ಲ. ಇಡೀ ಕವಿತೆ ‘ಬಂದೆ, ಕೂತೆ, ಅತ್ತೆ’ ಅಂತ ಹೋದರೆ ಅದು ಅಜ್ಜಿಯೋ, ಹತ್ತು ವರ್ಷದ ಹುಡುಗನೋ ಹೇಳಲು ಬರುವುದಿಲ್ಲ. ಸುತ್ತಮುತ್ತಲಿನ ಸಾಮಾನು ನೋಡಬೇಕು. ಸೆರಗು ಇದೆಯಾ? ಬೀಡಿ ಇದೆಯಾ? ಮೊಣಕಾಲು ನೋವಿದೆಯಾ? ಯಾವ ಸುಳಿವೂ ಇಲ್ಲದಿದ್ದರೆ ಕವಿ ಬೇಕೆಂದೇ ಬಿಟ್ಟಿರಬಹುದು. ಆಗ ನೀವೂ ಬಿಡಿ. ಸುಮ್ನೆ ಒಂದು ದನಿ ಅಂಟಿಸಬೇಡಿ.

ಆಮೇಲೆ ಎರಡನೇ ಪ್ರಶ್ನೆ: ಯಾರಿಗೆ ಹೇಳುತ್ತಿದ್ದಾರೆ? ಇದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ‘ಕಣೇ’ ಇದ್ದರೆ ಎದುರಿಗೆ ಹೆಣ್ಣು, ‘ಕಣೋ’ ಇದ್ದರೆ ಗಂಡು, ‘ರೀ’ ಇದ್ದರೆ ಗೌರವವೋ ಸಿಟ್ಟೋ ಎರಡೂನೋ. ಎದುರಿಗೆ ಯಾರಿದ್ದಾರೆ ಅಂತ ಗೊತ್ತಾದರೆ ಎಷ್ಟು ಜೋರಾಗಿ ಓದಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಪಕ್ಕದಲ್ಲಿ ಮಲಗಿದವಳಿಗೆ ಹೇಳುವ ಮಾತನ್ನು ಯಾರಾದರೂ ಕೈ ಎತ್ತಿ ಕೂಗುತ್ತಾರಾ? ಕವಿಗೋಷ್ಠಿಗಳಲ್ಲಿ ಕೂಗುತ್ತಾರೆ. ನಾನೂ ಕೂಗಿದ್ದೇನೆ.

ವಚನ ಓದುವವರಿಗೆ ಇದೇ ಜಾಗದಲ್ಲಿ ಒಂದು ಮಾತು. ಬಸವ ಜಯಂತಿಗೆ ಮಕ್ಕಳಿಂದ ವಚನ ಹೇಳಿಸುತ್ತೇವಲ್ಲ, ಮಕ್ಕಳು ಕೊನೆಗೆ ಬರುವ ‘ಕೂಡಲಸಂಗಮದೇವ’ವನ್ನು ಅರ್ಜಿಯ ಕೆಳಗಿನ ಸಹಿಯ ಹಾಗೆ ಗಡಿಬಿಡಿಯಲ್ಲಿ ಮುಗಿಸಿ ಓಡುತ್ತಾರೆ. ಅಂಕಿತದಿಂದ ಇದು ಯಾರ ವಚನ ಅಂತ ನಮಗೆ ಗೊತ್ತಾಗುತ್ತದೆ, ನಿಜ. ಆದರೆ ವಚನದ ಒಳಗೆ ಅದು ಕರೆ. ಬಸವಣ್ಣ ಅಷ್ಟೂ ಹೊತ್ತು ಮಾತಾಡುತ್ತಿದ್ದದ್ದು ಆ ದೇವರ ಹತ್ತಿರ. ಅಂಕಿತದ ಮೊದಲು ಒಂದು ಉಸಿರು ನಿಲ್ಲಿಸಿ, ತಲೆ ಎತ್ತಿ ಕರೆಯಲು ಹೇಳಿ. ಮಗುವಿನ ದನಿಯೇ ಬದಲಾಗುತ್ತದೆ.

ಏಳು ಸಾಲಿನಲ್ಲಿ ಮಾಡಿ ನೋಡೋಣ

ಬರೀ ಮಾತಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಇದಕ್ಕೇ ಅಂತ ನಾನು ಬರೆದುಕೊಂಡ ಏಳು ಸಾಲು ಇಲ್ಲಿವೆ:

ಟೇಬಲ್ ಒರೆಸಿದೆ, ಲೋಟ ಎತ್ತಿದೆ,
ಹನ್ನೊಂದಕ್ಕೆ ಶಟರ್ ಎಳೆದೆ.
ಊರಿಗೆ ಬರೆದೆ: ಇಲ್ಲಿ ಎಲ್ಲ ಚೆನ್ನ.
ಅಕ್ಕಾ, ನೀ ಕಳಿಸಿದ ಹಪ್ಪಳ
ಇನ್ನೂ ಕಟ್ಟು ಬಿಚ್ಚಿಲ್ಲ.
ಬಿಚ್ಚಿದರೆ ಮನೆ ವಾಸನೆ.
ಮುಗಿದುಹೋದರೆ ಏನು ಮಾಡಲಿ?

ನಾನು ಬ್ಯಾಂಕ್‌ನಲ್ಲಿ ಗುಮಾಸ್ತನಾಗಿದ್ದವನು. ಒಂದು ದಿನವೂ ಟೇಬಲ್ ಒರೆಸಿಲ್ಲ. ಇಲ್ಲಿ ಮಾತಾಡುತ್ತಿರುವವನು ಹೋಟೆಲ್ ಹುಡುಗ. ಹಗಲು ಹೋಟೆಲ್, ಸಂಜೆ ರಾತ್ರಿಶಾಲೆ ಅಂತ ಬದುಕು ಕಟ್ಟಿಕೊಂಡವರು ಈ ಊರಿನ ಕನ್ನಡಿಗರಲ್ಲಿ ಎಷ್ಟೋ ಜನ. ಅವರಲ್ಲೊಬ್ಬ ಅಂದುಕೊಳ್ಳಿ. ಈಗ ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲ ಎರಡು ಸಾಲು ಯಾರಿಗೆ? ಯಾರಿಗೂ ಅಲ್ಲ. ದಿನದ ಲೆಕ್ಕ. ಸುಸ್ತಾದವನು ಒಂದೊಂದೇ ಕೆಲಸ ಬೆರಳು ಮಡಚಿ ಎಣಿಸಿದ ಹಾಗೆ. ಇಲ್ಲಿ ಭಾವ ತುಂಬಿ ಓದಿದರೆ ಕೆಟ್ಟಿತು. ಎಳೆಯುವ ಶಟರ್‌ಗೆ ಭಾವ ಎಲ್ಲಿಂದ ಬರಬೇಕು?

ಮೂರನೇ ಸಾಲಿನ ‘ಇಲ್ಲಿ ಎಲ್ಲ ಚೆನ್ನ’ ಕಾಗದದ ಮಾತು. ಅದು ಸುಳ್ಳು ಅಂತ ಅವನಿಗೆ ಗೊತ್ತು, ನಮಗೂ ಗೊತ್ತು. ಆದರೆ ಓದುವಾಗ ಸುಳ್ಳಿನ ದನಿಯಲ್ಲಿ ಓದಬಾರದು. ಕಾಗದದಲ್ಲಿ ಅವನು ಅದನ್ನು ನಂಬಿಸುವ ಹಾಗೇ ಬರೆದಿರುತ್ತಾನೆ. ಚೆನ್ನಾಗಿದೆ ಅನ್ನುವ ಹಾಗೇ ಓದಿ. ಸುಳ್ಳನ್ನು ಮುಂದಿನ ಸಾಲು ಬಯಲು ಮಾಡುತ್ತದೆ, ನೀವು ಕಣ್ಣು ಮಿಟುಕಿಸಬೇಕಾಗಿಲ್ಲ.

‘ಅಕ್ಕಾ’ ಅಂದಲ್ಲಿಂದ ಕಾಗದ ಮುಗಿಯಿತು. ಇದನ್ನು ಅವನು ಬರೆಯುತ್ತಿಲ್ಲ, ಮನಸ್ಸಿನಲ್ಲೇ ಕರೆಯುತ್ತಿದ್ದಾನೆ. ಹಾಗಾಗಿ ‘ಚೆನ್ನ’ ಮತ್ತು ‘ಅಕ್ಕಾ’ ನಡುವೆ ಒಂದು ದೊಡ್ಡ ನಿಲುಗಡೆ ಬೇಕು. ನಾನು ಅಲ್ಲಿ ಎರಡು ಅಡ್ಡಗೆರೆ ಹಾಕಿಕೊಳ್ಳುತ್ತೇನೆ. ಸಣ್ಣ ನಿಲುಗಡೆಗೆ ಒಂದು ಗೆರೆ, ದೊಡ್ಡ ನಿಲುಗಡೆಗೆ ಎರಡು. ಏಳು ಸಾಲಿನಲ್ಲಿ ಎರಡು ಗೆರೆ ಬಿದ್ದದ್ದು ಒಂದೇ ಕಡೆ, ಇಲ್ಲಿ. ಕೊನೆಯ ಪ್ರಶ್ನೆ ಅಕ್ಕನಿಗೋ, ತನಗೇನೋ? ನಾನೇ ಬರೆದರೂ ನನಗೆ ಖಾತ್ರಿ ಇಲ್ಲ. ಒಮ್ಮೆ ಅಕ್ಕನಿಗೆ ಅಂದುಕೊಂಡು ಓದುತ್ತೇನೆ, ಒಮ್ಮೆ ತನಗೆ ಅಂದುಕೊಂಡು. ಎರಡನೆಯದು ನನಗೆ ಹಿಡಿಸುತ್ತದೆ, ದನಿ ತಗ್ಗುತ್ತದೆ.

ಒಂದೇ ಬಾಯಿ, ಏಳೇ ಸಾಲು, ಮೂರು ಬಗೆಯ ಮಾತು. ಇಷ್ಟು ಕಂಡುಕೊಂಡರೆ ಓದುವ ಕೆಲಸದಲ್ಲಿ ಮುಕ್ಕಾಲು ಮುಗಿದ ಹಾಗೆ.

ಮಕ್ಕಳಿಗೆ ಇದನ್ನು ಕಲಿಸಬೇಕಿದ್ದರೆ ‘ಗೋವಿನ ಹಾಡು’ ಸಾಕು, ಬೇರೆ ಏನೂ ಬೇಡ. ‘ಧರಣಿ ಮಂಡಲ ಮಧ್ಯದೊಳಗೆ’ ಅಂತ ಶುರುವಾಗುವಾಗ ಒಬ್ಬ ಕಥೆ ಹೇಳುವವನಿದ್ದಾನೆ. ‘ಪರಿಯ ನಾನೆಂತು ಪೇಳ್ವೆನು’ ಅಂತ ಅವನು ತನ್ನನ್ನೂ ಒಮ್ಮೆ ತೋರಿಸಿಕೊಳ್ಳುತ್ತಾನೆ. ಆಮೇಲೆ ಪುಣ್ಯಕೋಟಿ, ಹುಲಿ, ಕರು ಎಲ್ಲರೂ ಮಾತಾಡುತ್ತಾರೆ. ನಾಲ್ಕು ಬಣ್ಣದ ಸ್ಕೆಚ್ ಪೆನ್ ಕೊಟ್ಟು, ಯಾರ ಮಾತಿಗೆ ಯಾವ ಬಣ್ಣ ಅಂತ ಮಕ್ಕಳಿಂದಲೇ ಗೆರೆ ಎಳೆಸಿ. ‘ಆರ ಮೊಲೆಯನು ಕುಡಿಯಲಮ್ಮ’ ಬಂದಾಗ ಪೆನ್ ಬದಲಾಯಿಸದೆ ಇರುವ ಮಗುವನ್ನು ನಾನಿನ್ನೂ ಕಂಡಿಲ್ಲ.

ಎಷ್ಟು ನಟಿಸಬೇಕು?

ನನ್ನ ಉತ್ತರ: ನೀವು ಅಂದುಕೊಂಡದ್ದರಲ್ಲಿ ಅರ್ಧ.

ತಾಳಮದ್ದಳೆ (ವೇಷ, ಕುಣಿತ ಇಲ್ಲದ, ಕೂತು ಮಾತಾಡುವ ಯಕ್ಷಗಾನ) ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಬಿಳಿ ಶರ್ಟು, ಪಂಚೆಯಲ್ಲಿ ಕೂತಿರುತ್ತಾರೆ. ಕಿರೀಟ ಇಲ್ಲ, ಬಣ್ಣ ಇಲ್ಲ, ಎದ್ದು ನಿಲ್ಲುವುದೂ ಇಲ್ಲ. ಭಾಗವತರು ಪದ ಹಾಡಿ ಮುಗಿಸಿದ ಕೂಡಲೇ ಅವರು ಕರ್ಣ. ಮುಂದಿನ ವಾರ ಇನ್ನೊಂದು ಹಾಲ್‌ನಲ್ಲಿ ಅವರೇ ಕೃಷ್ಣ. ಮಧ್ಯೆ ಲೋಟದಿಂದ ನೀರು ಕುಡಿದರೂ ಕರ್ಣ ಹಾಳಾಗುವುದಿಲ್ಲ. ಎಲ್ಲ ಕೆಲಸ ಮಾತೇ ಮಾಡುತ್ತದೆ. ಕವಿತೆ ಓದುವವರು ಅಲ್ಲಿಂದ ಕಲಿಯಬೇಕು. ಅಜ್ಜಿ ಮಾತಾಡುವ ಕವಿತೆಗೆ ನಡುಗುವ ದನಿ ಮಾಡಿದರೆ ಜನ ಅಜ್ಜಿಯನ್ನು ಮರೆತು ನಿಮ್ಮ ಮಿಮಿಕ್ರಿ ನೋಡುತ್ತಾರೆ. ಅಜ್ಜಿಯ ನಿಧಾನ ಮಾತ್ರ ಇಟ್ಟುಕೊಳ್ಳಿ, ನಡುಕ ಬಿಡಿ.

ಗಮಕದಲ್ಲಿ ನಮ್ಮ ಹಿರಿಯರು ಇನ್ನೂ ಜಾಣತನ ಮಾಡಿದ್ದಾರೆ. ಕುಮಾರವ್ಯಾಸನ ಷಟ್ಪದಿ ಹಾಡಿ ಓದುವ ಗಮಕಿ ಒಬ್ಬರು, ಅರ್ಥ ಹೇಳುವ ವ್ಯಾಖ್ಯಾನಕಾರರು ಇನ್ನೊಬ್ಬರು. ಕಾವ್ಯದ ದನಿಗೂ ವಿವರಣೆಯ ದನಿಗೂ ಬೇರೆ ಬೇರೆ ಕುರ್ಚಿ. ನಾವು ಕವಿಗೋಷ್ಠಿಯಲ್ಲಿ ಒಬ್ಬರೇ ನಿಂತು ಎರಡೂ ಮಾಡುತ್ತೇವೆ, ಅದಕ್ಕೇ ಕಲಸಿಹೋಗುತ್ತದೆ.

ಅಂದಹಾಗೆ ಇದು ಹೊಸ ವಿಚಾರ ಏನಲ್ಲ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಕವಿಯ ಮಾತು ಬೇರೆ, ಕವಿ ಕಟ್ಟಿದ ಮಾತುಗಾರನ ಮಾತು ಬೇರೆ ಅಂತ ವಿಂಗಡಿಸಿಟ್ಟಿದ್ದಾನೆ. ‘ಕವಿನಿಬದ್ಧವಕ್ತೃ’ ಅನ್ನುವುದು ಅವನು ಕೊಟ್ಟ ಹೆಸರು. ಹೆಸರು ನೆನಪಿರದಿದ್ದರೂ ನಡೆಯುತ್ತದೆ.

ಕಷ್ಟ ಬರುವುದು ಕವಿಯ ಬದುಕೂ ಕವಿತೆಯೂ ಅಂಟಿಕೊಂಡಾಗ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ನೆನೆಸಿಕೊಳ್ಳಿ. ಮಗು ಕೈಬಿಟ್ಟುಹೋದ ಹೊತ್ತಿನಲ್ಲಿ ಗಂಡ ಹೆಂಡತಿಗೆ ಹೇಳುವ ಮಾತು. ಮಕ್ಕಳನ್ನು ಕಳೆದುಕೊಂಡ ಸಂಕಟ ಬೇಂದ್ರೆಯವರದೂ ಹೌದು. ಆದರೂ ಅವರು ಕವಿತೆಗಳನ್ನು ಅಂಬಿಕಾತನಯದತ್ತ ಎಂಬ ಇನ್ನೊಂದು ಹೆಸರಲ್ಲಿ ಬರೆದರು. ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ಮನೆಮಾತು ಮರಾಠಿ, ಬರೆದದ್ದು ಧಾರವಾಡದ ಆಡುಮಾತಿನಲ್ಲಿ. ಆ ಕವಿತೆಯನ್ನು ನೀವು ಓದುವಾಗ ಅಲ್ಲಿ ಮೂವರಿದ್ದೀರಿ: ಬೇಂದ್ರೆ, ಕವಿತೆಯ ಗಂಡ, ಮತ್ತೆ ನೀವು. ನೀವು ಬೇಂದ್ರೆ ಆಗಲು ಹೋಗಬೇಡಿ. ಆ ಗಂಡ ಆದರೆ ಸಾಕು. ಅವನಿಗೆ ಎದುರಿಗಿರುವವಳ ಕಣ್ಣು ನೋಡಲು ಧೈರ್ಯವಿಲ್ಲ, ಅಷ್ಟು ಗೊತ್ತಿದ್ದರೆ ಸಭಿಕರನ್ನು ದಿಟ್ಟಿಸಿ ನೋಡುತ್ತ ಅದನ್ನು ಓದಲು ನಿಮಗೇ ಆಗುವುದಿಲ್ಲ.

ಆಡುಮಾತಿನ ಬಗ್ಗೆ: ನಾವು ಕರಾವಳಿಯವರು ಧಾರವಾಡದ ರಾಗ ಎಳೆಯಲು ಹೋದರೆ ಸೊಲ್ಲಾಪುರದ ಕಡೆಯಿಂದ ಬಂದವರು ಹಿಂದಿನ ಸಾಲಲ್ಲಿ ನಗುತ್ತಾರೆ. ಅವರು ಕುಂದಾಪುರದ ಕನ್ನಡ ಓದಿದಾಗ ನಾವೂ ನಗುತ್ತೇವೆ, ಲೆಕ್ಕ ಚುಕ್ತಾ. ಬರೆದ ಶಬ್ದ ಬರೆದ ಹಾಗೇ ಹೇಳಿ, ಇಲ್ಲದ ರಾಗ ಸೇರಿಸಬೇಡಿ. ಆ ಭಾಗದವರು ಯಾರಾದರೂ ಪರಿಚಯದಲ್ಲಿದ್ದರೆ ಒಮ್ಮೆ ಓದಿಸಿ ರೆಕಾರ್ಡ್ ಮಾಡಿಕೊಂಡು ಕೇಳಿ. ಮುಂಬಯಿಯಲ್ಲಿ ಎಲ್ಲ ಸೀಮೆಯ ಕನ್ನಡದವರೂ ಒಂದೇ ಪ್ಲಾಟ್‌ಫಾರ್ಮ್‌ನಲ್ಲಿ ಸಿಗುತ್ತಾರೆ.

ಓದುವ ಮೊದಲಿನ ಎರಡು ಮಾತು

ನಾನು ಬಿದ್ದ ಹಳ್ಳ ಇದೇ. ಕವಿತೆಯ ಮೊದಲಿನ ಪೀಠಿಕೆಯಲ್ಲಿ ‘ನಾನು’ ಅಂದರೆ ನೀವೇ. ಇಲ್ಲಿ ಸುಳ್ಳು ಹೇಳುವ ಹಾಗಿಲ್ಲ. ಕವಿತೆಯ ಒಳಗೆ ಎಷ್ಟು ಬೇಕಾದರೂ ಹೇಳಬಹುದು.

ಪೀಠಿಕೆ ಮೂರು ವಾಕ್ಯ ದಾಟಬಾರದು. ಕೇಳುವವರಿಗೆ ಗೊತ್ತಿರಲೇಬೇಕಾದ ಹೆಸರೋ ಶಬ್ದವೋ ಇದ್ದರೆ ಅದನ್ನು ಹೇಳಿ. ಮಾತಾಡುವವರು ಯಾರು ಅಂತ ಕವಿತೆಯಿಂದ ತಕ್ಷಣ ತಿಳಿಯುವುದಿಲ್ಲ ಅಂತಾದರೆ ಅದನ್ನೂ ಹೇಳಿ: "ಇದರಲ್ಲಿ ಒಬ್ಬ ಹೋಟೆಲ್ ಹುಡುಗ ಮಾತಾಡುತ್ತಾನೆ." ಸಾಕು. ಇಂಥ ಒಂದು ವಾಕ್ಯ ಹೇಳಿದ್ದರೆ ಅವತ್ತು ನಮ್ಮ ಅಪ್ಪ ಬದುಕಿರುತ್ತಿದ್ದರು. ಕವಿತೆಯ ಅರ್ಥವನ್ನು ಮಾತ್ರ ಹೇಳಬೇಡಿ. ಅರ್ಥ ಹೇಳಿದ ಮೇಲೆ ಕವಿತೆ ಓದುವುದು, ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಪೀಠಿಕೆ ಆದ ಮೇಲೆ ಕವಿತೆ ಶುರು ಮಾಡುವ ಮೊದಲು ನಿಲ್ಲಿ. ಮೂರು ಎಣಿಸುವಷ್ಟು ಹೊತ್ತು. ನಿಮಗೆ ಅದು ಮೂರು ಗಂಟೆ ಅನ್ನಿಸುತ್ತದೆ, ಕೂತವರಿಗೆ ಏನೂ ಅನ್ನಿಸುವುದಿಲ್ಲ. ಆ ಮೌನದಲ್ಲಿ ನೀವು ಇಳಿಯುತ್ತೀರಿ, ಕವಿತೆಯವನು ಹತ್ತುತ್ತಾನೆ. ಲೋಕಲ್ ಟ್ರೇನಿನ ಹಾಗೆ ಇಬ್ಬರೂ ಒಟ್ಟಿಗೇ ನುಗ್ಗಿದರೆ ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕೊನೆಯ ಸಾಲು ಆದ ಮೇಲೂ ಇದೇ. "ಧನ್ಯವಾದ" ಅನ್ನುವುದಕ್ಕೆ ಅಷ್ಟು ಆತುರ ಬೇಡ.

ಭಾಷಣವಾದರೆ

ಇಲ್ಲಿ ಲೆಕ್ಕ ತಿರುಗುಮುರುಗು. ಕವಿತೆಯಲ್ಲಿ ಇನ್ನೊಬ್ಬರಾಗಬೇಕು, ಭಾಷಣದಲ್ಲಿ ನೀವೇ ಆಗಿರಬೇಕು. ವಾಟ್ಸಾಪ್‌ನಲ್ಲಿ ಬಂದ ಕಥೆಯನ್ನು "ನಮ್ಮ ಬಿಲ್ಡಿಂಗ್‌ನಲ್ಲಿ ಮೊನ್ನೆ ಹೀಗಾಯಿತು" ಅಂತ ಹೇಳುವವರಿದ್ದಾರೆ. ಸಭೆಯಲ್ಲಿ ಅರ್ಧ ಜನರಿಗೆ ಅದೇ ಮೆಸೇಜ್ ಬಂದಿರುತ್ತದೆ. ‘ಎಲ್ಲೋ ಓದಿದೆ’ ಅಂದರೆ ಏನೂ ಕಡಿಮೆಯಾಗುವುದಿಲ್ಲ.

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ‘ನಾವು’ ಪರೀಕ್ಷೆ. ಕನ್ನಡದ ‘ನಾವು’ ಒಂದು ದೊಡ್ಡ ಚೀಲ. ಕೇಳುವವರು ಅದರ ಒಳಗಿದ್ದಾರೋ ಹೊರಗಿದ್ದಾರೋ ಹೇಳುವುದಿಲ್ಲ. ಮರಾಠಿಯಲ್ಲಿ ಹಾಗಲ್ಲ. ಕೇಳುವವರನ್ನು ಸೇರಿಸಿಕೊಂಡರೆ ‘ಆಪಣ’, ಬಿಟ್ಟರೆ ‘ಆಮ್ಹಿ’. ತುಳುವಿನಲ್ಲೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕ್ಲು’. ನಿಮ್ಮ ಭಾಷಣ ಬರೆದಾದ ಮೇಲೆ ‘ನಾವು’ ಇರುವಲ್ಲೆಲ್ಲ ಮೇಲೆ ಸಣ್ಣದಾಗಿ ‘ಆ’ ಅಥವಾ ‘ನ’ ಅಂತ ಬರೆಯಿರಿ. ಆಮ್ಹಿಯಾ, ನಮವಾ?

ಉದಾಹರಣೆಗೆ, "ನಾವು ಕಷ್ಟಪಟ್ಟು ಈ ಸಂಘ ಕಟ್ಟಿದೆವು." ಹಿರಿಯರೊಬ್ಬರು ಹೀಗೆ ಹೇಳಿದಾಗ ಅವರ ಮನಸ್ಸಿನಲ್ಲಿರುವುದು ಆಮ್ಹಿ. ಎದುರಿಗೆ ಕೂತ ಇಪ್ಪತ್ತೈದರ ಹುಡುಗಿಗೆ ತಾನು ಹೊರಗಿನವಳು ಅನ್ನಿಸುತ್ತದೆ. "ನಾವು ಮಕ್ಕಳಿಗೆ ಕನ್ನಡ ಕಲಿಸಲಿಲ್ಲ" ಅನ್ನುವಾಗ ಮಾತ್ರ ಎಲ್ಲರನ್ನೂ ಒಳಗೆ ಎಳೆದುಕೊಳ್ಳುತ್ತಾರೆ! ಹೊಗಳಿಕೆಗೆ ಆಮ್ಹಿ, ಬೈಗುಳಕ್ಕೆ ಆಪಣ. ಇದನ್ನು ಉಲ್ಟಾ ಮಾಡಿ ನೋಡಿ. ತಪ್ಪು ಹೇಳುವಾಗ "ನಾನು ನನ್ನ ಮಗನಿಗೆ ಕಲಿಸಲಿಲ್ಲ" ಅಂತ ಒಂಟಿಯಾಗಿ ಹೇಳಿ. ಹಾಲ್ ಗಪ್‌ಚಿಪ್ ಆಗುತ್ತದೆ.

ಸ್ವಾಗತ, ವಂದನಾರ್ಪಣೆ ಮಾಡುವವರು ಸಂಘದ ಬಾಯಿ. ನಿಮ್ಮ ಅನಿಸಿಕೆಗೆ ಅಲ್ಲಿ ಜಾಗ ಇಲ್ಲ, ಹೆಸರುಗಳನ್ನು ಸರಿಯಾಗಿ ಹೇಳಿ ಇಳಿಯಿರಿ. ನಿರೂಪಣೆ ಮಾಡುವವರಿಗೆ ಕೈಮುಗಿದು ಒಂದು ಕೋರಿಕೆ. ಪ್ರತಿ ಕವಿತೆ ಆದ ಕೂಡಲೇ ಮೈಕ್ ಹಿಡಿದು "ತುಂಬಾ ಅರ್ಥಗರ್ಭಿತವಾದ ಕವನ" ಅನ್ನಬೇಡಿ. ಜನರ ಕಿವಿಯಲ್ಲಿ ಕೊನೆಯ ಸಾಲು ಇನ್ನೂ ಇರುತ್ತದೆ, ಅದನ್ನು ಒರೆಸಿಹಾಕಿದ ಹಾಗಾಗುತ್ತದೆ. ಮುಂದಿನವರ ಹೆಸರು ಹೇಳಿ, ಸಾಕು. ‘ವೇದಿಕೆಯ ಮೇಲಿರುವ ಗಣ್ಯರೇ’ ಅಂತ ಶುರುವಾಗುವ ಹೆಸರಿನ ಪಟ್ಟಿಯನ್ನು ಸ್ವಾಗತದವರು ಒಮ್ಮೆ ಓದಿರುತ್ತಾರೆ. ಆಮೇಲೆ ಬಂದವರೆಲ್ಲ ಮತ್ತೆ ಓದಬೇಕು ಅಂತ ಯಾವ ಕಾನೂನೂ ಇಲ್ಲ. "ಎಲ್ಲರಿಗೂ ನಮಸ್ಕಾರ" ಅಂದರೆ ಅಧ್ಯಕ್ಷರೂ ಅದರಲ್ಲೇ ಬರುತ್ತಾರೆ.

ಮೈಕ್, ಕಾಗದ, ಲಿಪಿ, ಮೆಗಾ ಬ್ಲಾಕ್

ಮೈಕ್‌ಗೂ ಬಾಯಿಗೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಇರಲಿ. ಕವಿತೆಯವನು ಪಿಸುಗುಟ್ಟಿದರೆ ಹತ್ತಿರ ಹೋಗಿ, ಕಿರುಚಿದರೆ ಹಿಂದೆ ಸರಿಯಿರಿ. ‘ಪ’, ‘ಬ’, ‘ಭ’ ಬರುವಾಗ ಉಸಿರು ನೇರ ಬಡಿದು ಡಬ್ ಅನ್ನುತ್ತದೆ. ಮೈಕನ್ನು ತುಸು ಓರೆ ಮಾಡಿಕೊಂಡರೆ ಆ ಕಾಟ ಇಲ್ಲ. ನಿಮಗಿಂತ ಮೊದಲು ಓದಿದವರು ಎತ್ತರ ಇದ್ದರೆ ಸ್ಟ್ಯಾಂಡ್ ಇಳಿಸಿಕೊಳ್ಳಿ. ಸಂಕೋಚಪಟ್ಟು ಕತ್ತು ಚಾಚಿ ಓದಬೇಡಿ.

ಕಾಗದಕ್ಕೆ ರಟ್ಟು ಮತ್ತು ಕ್ಲಿಪ್. ವೇದಿಕೆ ಮೇಲಿನ ಫ್ಯಾನ್ ಕವಿಗಳ ಶತ್ರು. ಅಕ್ಷರ ದೊಡ್ಡದಿರಲಿ, ಹಾಳೆಯ ಒಂದೇ ಬದಿಗೆ ಇರಲಿ, ಚರಣದ ಮಧ್ಯೆ ಹಾಳೆ ಮಗುಚುವ ಹಾಗೆ ಇರಬಾರದು.

ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಎಷ್ಟೋ ಜನ ಕನ್ನಡ ಮಾತಾಡುತ್ತಾರೆ, ಲಿಪಿ ಬರುವುದಿಲ್ಲ. ದೇವನಾಗರಿಯಲ್ಲಿ ಬರೆದುಕೊಂಡು ಓದುತ್ತಾರೆ. ಬೇಡ ಅನ್ನಲಾರೆ, ಓದುತ್ತಾರಲ್ಲ ಅಂತ ಸಂತೋಷ. ‘ಳ’ ಮರಾಠಿಯಲ್ಲೂ ಇರುವುದರಿಂದ ಅದರ ಚಿಂತೆ ಇಲ್ಲ. ಆದರೆ ಆ ಬರಹದಲ್ಲಿ ‘ಎ’ಗೂ ‘ಏ’ಗೂ, ‘ಒ’ಗೂ ‘ಓ’ಗೂ ಒಂದೇ ಗುರುತು. ಬೆಳೆ ಬೇಳೆಯಾಗುತ್ತದೆ, ಕೆರೆ ಕೇರೆಯಾಗುತ್ತದೆ. ‘ಊರ ಕೆರೆಯಲ್ಲಿ ಈಜಿದೆ’ ಅನ್ನುವ ಸಾಲನ್ನು ಹುಡುಗನೊಬ್ಬ ಹಾವಿನೊಳಗೆ ಈಜಿಸಿದ್ದನ್ನು ನಾನೇ ಕೇಳಿದ್ದೇನೆ. ದೀರ್ಘ ಇರುವ ಅಕ್ಷರದ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಡಿಸಿ. ಹತ್ತು ನಿಮಿಷದ ಕೆಲಸ.

ಅಭ್ಯಾಸಕ್ಕೆ ಮನೆಯಲ್ಲಿ ಜಾಗ ಇಲ್ಲ, ಸಮಯ ಇಲ್ಲ ಅನ್ನಬೇಡಿ. ನಾನು ಡೊಂಬಿವಿಲಿಯಿಂದ ದಾದರ್ ತನಕ ತುಟಿ ಅಲ್ಲಾಡಿಸುತ್ತ ಕವಿತೆ ಹೇಳಿಕೊಂಡು ಹೋಗಿದ್ದೇನೆ. ಭಜನಾ ಮಂಡಳಿಯವರು ತಾಳ ಹಾಕಿಕೊಂಡು ಹಾಡುವ ಡಬ್ಬಿಯಲ್ಲಿ ಒಬ್ಬ ಗೊಣಗಿದರೆ ಯಾರು ಕೇಳುತ್ತಾರೆ? ಏನೋ ಸ್ತೋತ್ರ ಅಂದುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಒಮ್ಮೆ ನಿಂತುಕೊಂಡು, ಫೋನ್‌ನಲ್ಲಿ ಟೈಮ್ ಇಟ್ಟು, ಪೀಠಿಕೆಯನ್ನೂ ಸೇರಿಸಿ ಓದಿ. 5 ನಿಮಿಷ ಅಂದರೆ ಪೀಠಿಕೆ, ಕವಿತೆ, ನಡೆದು ಬರುವುದು ಎಲ್ಲ ಸೇರಿ 5. ಮನೆಯಲ್ಲಿ 4 ಬಂದರೆ ವೇದಿಕೆಯಲ್ಲಿ ಸರಿಹೋಗುತ್ತದೆ.

ಇನ್ನೊಂದು ಸಣ್ಣ ಕವಿತೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಭಾನುವಾರ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ಟ್ರೇನ್ ನಿಲ್ಲಿಸುವುದು) ಇದ್ದರೆ ಕಾರ್ಯಕ್ರಮ ಶುರುವಾಗುವುದೇ ತಡ. ನಿಮ್ಮ ಸರದಿ ಬರುವಷ್ಟರಲ್ಲಿ ಎಂಟು ಗಂಟೆ. ಹಿಂದಿನ ಸಾಲಿನವರು ಫೋನ್‌ನಲ್ಲಿ ಟ್ರೇನ್ ನೋಡುತ್ತಿರುತ್ತಾರೆ. ಆಗ ನಲವತ್ತು ಸಾಲಿನದನ್ನು ಒಳಗಿಟ್ಟು ಏಳು ಸಾಲಿನದನ್ನು ಓದಿ. ಅವರು ಚೀಲ ಕೆಳಗಿಟ್ಟು ಕೇಳುತ್ತಾರೆ.

ಕೆಳಗಿಳಿದ ಮೇಲೆ

ಉಪ್ಪಿಟ್ಟಿನ ತಟ್ಟೆ ಹಿಡಿದು ಯಾರಾದರೂ ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ: "ಇದು ನಿಮ್ಮದೇ ಅನುಭವವಾ?" ಹೌದಾದರೆ ಹೌದು ಅನ್ನಿ. ಅಲ್ಲವಾದರೆ, "ಇಲ್ಲ, ಕವಿತೆಯ ಹುಡುಗನದು" ಅನ್ನಿ. ಕೆಲವರಿಗೆ ಸ್ವಲ್ಪ ನಿರಾಸೆಯಾಗುತ್ತದೆ, ಆಗಲಿ. ಹೇಳಲು ಇಷ್ಟವಿಲ್ಲದಿದ್ದರೆ "ನಿಮಗೆ ಯಾಕೆ ಹಾಗನ್ನಿಸಿತು?" ಅಂತ ಕೇಳಿ. ಆಮೇಲೆ ಅವರು ತಮ್ಮ ಕಥೆ ಹೇಳುತ್ತಾರೆ. ಹೋಟೆಲ್ ಹುಡುಗನ ಕವಿತೆ ಓದಿದ ದಿನ ಅರವತ್ತು ದಾಟಿದವರೊಬ್ಬರು ನನ್ನನ್ನು ಹಾಗೆ ಹಿಡಿದು ನಿಲ್ಲಿಸಿದ್ದರು. "ನೀವು ಯಾವ ಹೋಟೆಲಲ್ಲಿದ್ರಿ?" ಅಂದರು. ನಾನು ಇರಲಿಲ್ಲ, ಬ್ಯಾಂಕಿನವನು ಅಂದೆ. ಅವರು ಫೋರ್ಟ್ ಏರಿಯಾದ ಹೋಟೆಲಲ್ಲಿ ಆರು ವರ್ಷ ಇದ್ದರಂತೆ. "ಹಪ್ಪಳ ಅಲ್ಲ ಮಾರಾಯ್ರೆ, ನನಗೆ ಅಕ್ಕ ಕಳಿಸ್ತಿದ್ದದ್ದು ಮಾವಿನ ಮಿಡಿ ಉಪ್ಪಿನಕಾಯಿ" ಅಂದರು. ಬಾಟಲಿ ಖಾಲಿಯಾದ ಮೇಲೂ ತೊಳೆದಿರಲಿಲ್ಲವಂತೆ.

ಈಗ ಕವಿಗೋಷ್ಠಿ ಇದೆ ಅಂತ ಊರಿಗೆ ಹೇಳಿದರೆ ಅಪ್ಪ ಕೇಳುವುದು ಒಂದೇ: "ಈ ಸಲ ಯಾರು?"